ಅಗಲಕ್ಕಿಂತ ಅಲಗು ನೋಡಿ

ಅಗ್ಗದ ವಿನೈಲ್ ಕಟರ್ (ಸ್ಟಿಕ್ಕರ್ ಹಾಳೆಯನ್ನು ಅಲಗಿನಿಂದ ಬೇಕಾದ ಆಕಾರಕ್ಕೆ ಕತ್ತರಿಸುವ ಯಂತ್ರ) ಕೊಳ್ಳುವವರು ಮೊದಲು ಅಗಲ, ವೇಗ ನೋಡಬೇಕು ಎಂದು ಲೇಖನದಲ್ಲಿ ಬರೆದಿದ್ದೀರಿ. ಅಗಲ ಸರಿ, ಎರಡು ಅಡಿ ರೋಲು ಹಿಡಿದರೆ ಸಾಕು. ವೇಗ ಯಾಕೆ? ಹೊಸಬರು ಬೇಗಬೇಗ ಹಾಳು ಮಾಡುವುದಕ್ಕೇ?

ಉಡುಪಿಯಲ್ಲಿ ಸ್ಕೂಟರ್, ಆಟೊಗಳಿಗೆ ಸ್ಟಿಕ್ಕರ್ ಮಾಡಿಕೊಡುತ್ತೇನೆ. ಮೊದಲ ವಾರ ಅಲಗನ್ನು ಪೂರ್ತಿ ಹೊರಗೆ ತೆಗೆದಿದ್ದೆ. ವಿನೈಲ್ ಜೊತೆಗೆ ಅದು ಅಂಟಿಕೊಂಡಿರುವ ಹಿಂಬದಿಯ ಕಾಗದವೂ ತುಂಡಾಯಿತು. ಅಲಗಿನ ತುದಿ ಉಗುರಿಗೆ ತಾಗಿಯೂ ತಾಗದಷ್ಟು ಹೊರಗಿದ್ದರೆ ಸಾಕು. ಮಾಮೂಲಿ ವಿನೈಲ್‌ಗೆ 45 ಡಿಗ್ರಿಯ ಅಲಗು ಹಾಕಿ, ಆಫ್‌ಸೆಟ್ (ಅಲಗಿನ ತುದಿ ಅದು ತಿರುಗುವ ನಡುಗೆರೆಯಿಂದ ಸರಿದಿರುವ ದೂರ) 0.25 ಮಿ.ಮೀ. ಇಟ್ಟು ಸಣ್ಣ ಚೌಕವೊಂದನ್ನು ಕತ್ತರಿಸಿ. ಚೌಕ ಸಲೀಸಾಗಿ ಎದ್ದು ಬಂದು, ಹಿಂದಿನ ಕಾಗದದ ಮೇಲೆ ಕೂದಲೆಳೆಯಂಥ ಗೆರೆ ಮಾತ್ರ ಉಳಿದರೆ ಅಲಗಿನ ಒತ್ತಡ ಸರಿಯಿದೆ. ಮೂಲೆ ದುಂಡಗಾದರೆ ಆಫ್‌ಸೆಟ್ ತಿದ್ದಿ.

ಯಂತ್ರದ ಕೈಪಿಡಿ ಹೇಳದ ಸಂಕಟವೆಂದರೆ ಕನ್ನಡ ಅಕ್ಷರದ್ದು. ‘ಶ್ರೀಕೃಷ್ಣ’ ಎಂದು ಹಾಗೆಯೇ ಕಳುಹಿಸಿದರೆ, ಒತ್ತಕ್ಷರ ಮೇಲಿನ ಅಕ್ಷರದ ಮೇಲೆ ಹಾಯುವಲ್ಲಿ ಯಂತ್ರ ಎರಡರ ಅಂಚನ್ನೂ ಕತ್ತರಿಸುತ್ತದೆ. ಸಿಪ್ಪೆ, ಅಂದರೆ ಅಕ್ಷರದ ಸುತ್ತಲಿನ ಬೇಡದ ವಿನೈಲ್, ತೆಗೆಯುವಾಗ ‘ಷ್ಣ’ ಚೂರುಚೂರಾಗಿ ಕೈಗೆ ಬರುತ್ತದೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ಅಕ್ಷರಗಳನ್ನು ಮೊದಲು ಪಾಥ್ (ಬರೀ ಗೆರೆಗಳ ಆಕಾರ) ಆಗಿ ಬದಲಿಸಿ, ಆಮೇಲೆ ‘ಯೂನಿಯನ್’ ಕೊಟ್ಟು ಒಂದಾಗಿಸಿ.

ಆಟಿ ತಿಂಗಳ ತೇವಕ್ಕೆ ರೋಲಿನ ಹಿಂಬದಿ ಕಾಗದ ಸುರುಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗೋಡೆಯಿಂದ ದೂರ ಇಡಿ. ನನ್ನದೊಂದು ಕೆಂಪು ರೋಲು ಹೋದ ಮಳೆಗಾಲಕ್ಕೇ ಬಲಿಯಾಯಿತು.