ಕಾರಣ: ಕೌಟುಂಬಿಕ

ಕಾಸರಗೋಡಿನ ಯಾವುದೋ ಮುರಕಲ್ಲಿನ ಗುಡ್ಡದ ಮೇಲೆ ಒಂದು ಪುಟ್ಟ ಸರಕಾರಿ ವಿಶ್ವವಿದ್ಯಾಲಯವಿದೆ ಎಂದು ಇಟ್ಟುಕೊಳ್ಳಿ. ಹೆಸರು ಬೇಡ. ಹೆಸರಿಟ್ಟರೆ ಸ್ಪಷ್ಟೀಕರಣ ಕೊಡಲು ಒಂದು ಸಮಿತಿ ಹುಟ್ಟಿಕೊಳ್ಳುತ್ತದೆ, ಇರುವ ಸಮಿತಿಗಳಿಗೇ ಅಲ್ಲಿ ಕುರ್ಚಿ ಸಾಲುತ್ತಿಲ್ಲ. ಕುರ್ಚಿಗಳು ಧಾರಾಳವಾಗಿ ಖಾಲಿ ಬಿದ್ದಿರುವುದು ತರಗತಿಗಳಲ್ಲಿ. ಅವನ್ನು ತುಂಬಿಸುವುದಕ್ಕೆಂದೇ ಈ ವರ್ಷ ‘ವಿದ್ಯಾರ್ಥಿ ಆಕರ್ಷಣೆ ಮತ್ತು ಉಳಿಕೆ ಸಮಿತಿ’ ರಚನೆಯಾಯಿತು.

ಮೊದಲ ಸಭೆ ನಡೆದದ್ದು ಮಂಗಳೂರಿನ ಹೋಟೆಲೊಂದರಲ್ಲಿ. ಗುಡ್ಡ ಹತ್ತುವುದು ಸದಸ್ಯರಿಗೆ ಕಷ್ಟ. ಅಲ್ಲದೆ ಅವರಲ್ಲಿ ಹೆಚ್ಚಿನವರ ಮಕ್ಕಳು ಓದುತ್ತಿರುವುದು ತಲಪಾಡಿ ಗಡಿಯ ಆಚೆಯ ಕಾಲೇಜುಗಳಲ್ಲಿ. ಸಭೆ ಮುಗಿಸಿ ಬರುವಾಗ ಅವರನ್ನೂ ಕಾರಿನಲ್ಲಿ ಹತ್ತಿಸಿಕೊಂಡು ಬರಬಹುದು. ಅಧ್ಯಕ್ಷರು ಕೇರಳ ವಲಸೆ ಸಮೀಕ್ಷೆಯ ಅಂಕಿಅಂಶ ಓದಿದರು. ರಾಜ್ಯದಿಂದ ವಿದೇಶಕ್ಕೆ ಹೋದ ವಿದ್ಯಾರ್ಥಿಗಳು 2018ರಲ್ಲಿ ಸುಮಾರು 1.3 ಲಕ್ಷ, 2023ರಲ್ಲಿ ಸುಮಾರು 2.5 ಲಕ್ಷ. ಇದನ್ನು ಕೇಳಿ ಸಭೆ ನಿರಾಳವಾಯಿತು. ಕೆನಡಾದ ಎದುರು ಸೋತರೆ ಅದು ಮರ್ಯಾದೆಯ ಸೋಲು. ಎರಡನೇ ಸೆಮಿಸ್ಟರಿನಲ್ಲಿ ಓದು ಬಿಟ್ಟು ಕುಂಬಳೆಯ ಬಟ್ಟೆ ಅಂಗಡಿಗೆ ಸೇರಿದ ಬದಿಯಡ್ಕದ ಹುಡುಗಿಯನ್ನೂ ಜಾಗತೀಕರಣದ ಲೆಕ್ಕಕ್ಕೇ ಹಾಕಿ ಊಟಕ್ಕೆ ಎದ್ದರು.

ಆಕರ್ಷಣೆಯ ಕೆಲಸ ಚುರುಕಾಗಿಯೇ ನಡೆಯಿತೆನ್ನಬೇಕು. ಸೆಲ್ಫಿ ಪಾಯಿಂಟ್ ಮೊದಲೇ ಇತ್ತು. 2023ರ ಡಿಸೆಂಬರಿನಲ್ಲಿ ಯುಜಿಸಿಯೇ ಪತ್ರ ಬರೆದು ಅದನ್ನು ಸ್ಥಾಪಿಸಲು ಹೇಳಿತ್ತಲ್ಲ. ಹಾಸ್ಟೆಲಿನ ಬಾವಿ ಮಾರ್ಚಿನಲ್ಲಿ ಬತ್ತಿದರೂ ಸೆಲ್ಫಿ ಪಾಯಿಂಟಿನ ದೀಪ ಆರಿದ್ದಿಲ್ಲ. ಆಮೇಲೆ ಬ್ರೋಷರ್. ಅದರ ಮುಖಪುಟದಲ್ಲಿ ಹಚ್ಚಹಸಿರು ಹುಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಗುತ್ತಿರುವ ಹೊಂಗೂದಲಿನ ಹುಡುಗಿ. ನಮ್ಮ ಪಾರೆಯಲ್ಲಿ ಹುಲ್ಲು ಹಸಿರಾಗುವುದು ಮಳೆಗಾಲದಲ್ಲಿ ಮಾತ್ರ, ಆಗ ಹಾಗೆ ಕುಳಿತರೆ ಲ್ಯಾಪ್‌ಟಾಪ್ ಸಮೇತ ಹುಡುಗಿ ಚಂದ್ರಗಿರಿ ಹೊಳೆ ಸೇರುತ್ತಾಳೆ. ಒಳಪುಟಗಳಲ್ಲಿ ಮಲಯಾಳಂ ಇದೆ, ಇಂಗ್ಲಿಷ್ ಇದೆ. ಕನ್ನಡ ಎಲ್ಲಿ ಎಂದು ಒಬ್ಬರು ಕೇಳಿದರಂತೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆ, ಆದರೆ ಬ್ರೋಷರ್ ಪತ್ರವಲ್ಲ ಎಂಬ ಉತ್ತರ ಬಂತು.

ಅದನ್ನು ಹಂಚುವ ಹೊಣೆ ಅತಿಥಿ ಅಧ್ಯಾಪಕರದ್ದು. ಮಕ್ಕಳು ಸೇರದಿದ್ದರೆ ತರಗತಿ ಇಲ್ಲ, ತರಗತಿ ಇಲ್ಲದಿದ್ದರೆ ಗಂಟೆಯ ಲೆಕ್ಕದ ಸಂಬಳವೂ ಇಲ್ಲ. ಹಾಗಾಗಿ ಪಿಎಚ್‌.ಡಿ. ಪಡೆದ ಆ ಪಾಪದ ಜನ ಬಯಲಾಟದ ಗದ್ದೆಗಳಲ್ಲಿ ರಾತ್ರಿಯಿಡೀ ಅಲೆದರು. ಮಹಿಷಾಸುರ ದೊಂದಿ ಹಿಡಿದು ಜನರ ನಡುವಿನಿಂದ ಬರುವ ಹೊತ್ತಿಗೆ ಬ್ರೋಷರುಗಳಿಗೆ ಒಳ್ಳೆಯ ಬೇಡಿಕೆ ಬಂತು, ಸೆಖೆಗೆ ಬೀಸಿಕೊಳ್ಳಲು.

ಇನ್ನು ಉಳಿಕೆ. ಬಿಟ್ಟುಹೋದವರು ಯಾಕೆ ಹೋದರು ಎಂದು ತಿಳಿಯಲು ಎರಡನೇ ಸಭೆ ಅವರ ಟಿ.ಸಿ. ಅರ್ಜಿಗಳನ್ನು ತರಿಸಿಕೊಂಡಿತು. ಪ್ರತಿಯೊಂದರಲ್ಲೂ ‘ಬಿಡುವ ಕಾರಣ’ದ ಮುಂದೆ ‘ಕೌಟುಂಬಿಕ’ ಎಂದಿತ್ತು. ನೂರಕ್ಕೆ ನೂರು! ಸಮಾಜಶಾಸ್ತ್ರದ ಪ್ರಾಧ್ಯಾಪಕರಿಗೆ ರೋಮಾಂಚನವಾಯಿತು, ಪ್ರಬಂಧವೊಂದರ ಶೀರ್ಷಿಕೆಯೂ ಹೊಳೆಯಿತು. ಚಹಾ ಇಡಲು ಬಂದಿದ್ದ ಕಚೇರಿ ಸಹಾಯಕ ಮೆಲ್ಲನೆ ಹೇಳಿದ: “ಸರ್, ಅದು ಅಚ್ಚಾಗಿರುವುದೇ ಹಾಗೆ. ಮಕ್ಕಳು ಏನೇನೋ ಬರೆಯುತ್ತಾರೆಂದು ಹಿಂದಿನವರು ಮೊದಲೇ ಪ್ರಿಂಟ್ ಹಾಕಿಸಿದ್ದು.”

ಅವನನ್ನು ಬಿಸ್ಕತ್ತು ತರಲು ಕಳುಹಿಸಿದರು.

ಆ ‘ಏನೇನೋ’ ಯಾವುದೆಂದು ಗುಡ್ಡದ ಬುಡದ ಬಸ್ ತಂಗುದಾಣದಲ್ಲಿ ಕುಳಿತ ಯಾರನ್ನು ಕೇಳಿದರೂ ಹೇಳುತ್ತಾರೆ. ಪ್ರಾಯೋಗಿಕ ತರಗತಿ ಮುಗಿಯುವುದು ಐದು ಗಂಟೆಗೆ, ಕೊನೆಯ ಬಸ್ ಹೊರಡುವುದು ನಾಲ್ಕೂ ಮುಕ್ಕಾಲಿಗೆ. ಅದು ಸಿಕ್ಕಿದರೂ ಹತ್ತಲು ಬಿಡಬೇಕಲ್ಲ. ಕೇರಳದಲ್ಲಿ ವಿದ್ಯಾರ್ಥಿಯ ಕನಿಷ್ಠ ಬಸ್ ದರ ಬಹುಕಾಲದಿಂದ ಒಂದು ರೂಪಾಯಿ. ಕಂಡಕ್ಟರನ ಕಣ್ಣಿಗೆ ಅವನು ಒಂದು ರೂಪಾಯಿ ಕೊಟ್ಟು ಬ್ಯಾಗಿನ ಜೊತೆ ಇಬ್ಬರ ಜಾಗ ಹಿಡಿಯುವ ಪ್ರಾಣಿ. ಪೂರ್ತಿ ದರದವರೆಲ್ಲ ಹತ್ತಿ, ಚಾಲಕ ಗೇರ್ ಹಾಕಿದ ಮೇಲೆ ಮಕ್ಕಳು ಓಡಿ ಹತ್ತಬೇಕೆಂಬುದು ನಮ್ಮ ನಿಲ್ದಾಣಗಳ ಅಲಿಖಿತ ಸಂವಿಧಾನ. ಈ ದರ ಏರಿಸಬೇಕೆಂದು 2025ರ ಜುಲೈಯಲ್ಲಿ ಖಾಸಗಿ ಬಸ್ ಮಾಲಕರು ಮುಷ್ಕರವನ್ನೂ ಹೂಡಿದ್ದರು. ಡೀಸೆಲ್ ಬೆಲೆ ನೋಡಿದರೆ ಅವರದೂ ಪೂರ್ತಿ ತಪ್ಪೆನ್ನಲಾಗದು. ಅಂತೂ ವಿಶ್ವವಿದ್ಯಾಲಯ ಕೈಬೀಸಿ ಕರೆಯುವ ವಿದ್ಯಾರ್ಥಿಯನ್ನು ಬಸ್ಸು ಹತ್ತಿಸಿಕೊಳ್ಳುವುದಿಲ್ಲ. ಹಾಸ್ಟೆಲಿನಲ್ಲಿ ನಿಲ್ಲೋಣವೆಂದರೆ ಸರಕಾರದ ವಿದ್ಯಾರ್ಥಿವೇತನವಾದ ಇ-ಗ್ರಾಂಟ್ಸ್ ದುಡ್ಡು ಬಂದಿಲ್ಲ, ಬಾಕಿ ಕಟ್ಟಿ ಒಳಗೆ ಬಾ ಎನ್ನುತ್ತಾರೆ.

ಡೀನರೊಬ್ಬರು ಸಮಸ್ಯೆಯನ್ನು ಬೇರುಸಹಿತ ಕೀಳುವ ದಾರಿ ಕಂಡುಹಿಡಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ವರ್ಷ ಓದಿ ಹೊರನಡೆದವರಿಗೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಎಂದಿದೆ. ಆದ್ದರಿಂದ ಇವರು ಓದು ಬಿಟ್ಟವರಲ್ಲ, ಬೇಗ ಮುಗಿಸಿದವರು. ಇನ್ನೊಬ್ಬರು ಟಿ.ಸಿ. ಕೌಂಟರಿನತ್ತ ಬೊಟ್ಟು ಮಾಡಿದರು. ನೋ ಡ್ಯೂಸ್ ಕಾಗದಕ್ಕೆ ಗ್ರಂಥಾಲಯ, ಹಾಸ್ಟೆಲ್, ಪ್ರಯೋಗಾಲಯ, ಕ್ರೀಡಾ ವಿಭಾಗ ಹೀಗೆ ಎಲ್ಲ ಕಡೆಯ ಸಹಿ ಬೇಕು. ಚೆಂಡನ್ನೇ ಮುಟ್ಟದ ಹುಡುಗ ಚೆಂಡು ಬಾಕಿ ಇಲ್ಲವೆಂದು ಸಾಬೀತು ಮಾಡುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಕಳೆದಿರುತ್ತದೆ, ಅಷ್ಟು ದಿನವೂ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರುತ್ತದೆ. ಸಹಿಗಳ ಸಂಖ್ಯೆಯನ್ನು ಇಮ್ಮಡಿ ಮಾಡಿದರೆ ಉಳಿಕೆಯೂ ಇಮ್ಮಡಿ! ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳಬಾರದೆಂಬ ಯುಜಿಸಿಯ 2018ರ ಅಧಿಸೂಚನೆಯನ್ನು ಯಾರೋ ನೆನಪಿಸಿದರು. ನಾವು ಹಿಡಿದಿಡುವುದಿಲ್ಲ, ಹುಡುಕುತ್ತಿರುತ್ತೇವೆ ಎಂದು ಕುಲಸಚಿವರು ವಿವರಿಸಿದರು.

ಕೊನೆಗೆ ಕಾರಣ ಕೌಟುಂಬಿಕವಾದ್ದರಿಂದ ಕುಟುಂಬಗಳಿಗೇ ತಿಳಿವಳಿಕೆ ಕೊಡುವುದೆಂದು ನಿಶ್ಚಯವಾಯಿತು. ಒಂದು ಭಾನುವಾರ ಪೋಷಕರ ಸಮಾವೇಶ ಏರ್ಪಟ್ಟಿತು. ಶಾಮಿಯಾನ, ಉಪ್ಪಿಟ್ಟು, ಉತ್ತೇಜಕ ಭಾಷಣ. ಭಾನುವಾರ ಗುಡ್ಡಕ್ಕೆ ಬಸ್ಸೇ ಇಲ್ಲ. ಉಪ್ಪಿಟ್ಟನ್ನು ಭಾಷಣಕಾರರೂ ಸದಸ್ಯರೂ ತಿಂದರು, ‘ಪೋಷಕರಲ್ಲಿ ಆಸಕ್ತಿಯ ಕೊರತೆ’ ಎಂದು ನಡಾವಳಿಯಲ್ಲಿ ದಾಖಲಾಯಿತು.

ಬಿಸ್ಕತ್ತು ತಂದ ಸಹಾಯಕ ಅಂದೇ ಬಸ್ಸಿನ ಮಾತನ್ನೂ ಎತ್ತಿದ್ದ. ಅದಕ್ಕೂ ಉತ್ತರ ನಡಾವಳಿಯಲ್ಲಿದೆ. ಬಸ್ಸಿನ ವಿಚಾರ ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ, ಸಾರಿಗೆ ಉಪಸಮಿತಿಗೆ ಸೇರಿದ್ದು. ವಿದ್ಯಾರ್ಥಿ ಪ್ರತಿನಿಧಿ ಇಲ್ಲದೆ ಆ ಉಪಸಮಿತಿ ಸಭೆ ಸೇರುವಂತಿಲ್ಲ. ಪ್ರತಿನಿಧಿ ಕಳೆದ ಸೆಮಿಸ್ಟರಿನಲ್ಲಿ ಟಿ.ಸಿ. ತೆಗೆದುಕೊಂಡು ಹೋಗಿದ್ದಾನೆ, ಕೌಟುಂಬಿಕ ಕಾರಣಕ್ಕೆ.