ಆತಕೂರಿನ ಕಾಳಿ ಮುಧೋಳ ನಾಯಿಯೇ? ಒಂದು ಸ್ಪಷ್ಟನೆ

ಸಕಲೇಶಪುರದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಸಾವಿರ ವರ್ಷದ ಹಿಂದೆ ಹಾಸನದ ಆತಕೂರಿನಲ್ಲಿ ಹಂದಿ ಕೊಂದ ನಾಯಿ ಮುಧೋಳ ತಳಿಯದು. ಎಸ್ಟೇಟಿಗೆ ತನ್ನಿ, ಹಂದಿ ಕಾಟ ತಪ್ಪುತ್ತದೆ.'

ಆತಕೂರು ಇರುವುದು ಮಂಡ್ಯ ಜಿಲ್ಲೆಯಲ್ಲಿ, ಮದ್ದೂರು ತಾಲೂಕು. ಆದರೆ ಕಥೆ ಸುಳ್ಳಲ್ಲ. ಚೋಳರ ವಿರುದ್ಧದ ತಕ್ಕೋಲಂ ಯುದ್ಧದಲ್ಲಿ ಗೆದ್ದ ಗಂಗರ ದೊರೆ ಬೂತುಗ, ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದ. ಅವನು ಕೇಳಿದ್ದು ಊರನ್ನಲ್ಲ, ಕಾಳಿ ಎಂಬ ನಾಯಿಯನ್ನು! ಮುಂದೆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು. ಎರಡೂ ಸತ್ತವು. ಅದರ ನೆನಪಿಗೆ ನಿಲ್ಲಿಸಿದ ಸುಮಾರು 950ರ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದರಲ್ಲಿ ತಳಿಯ ಮಾತೇ ಇಲ್ಲ. ಮುಧೋಳ ಅಂತ ಸೇರಿಸಿದ್ದು ಈಗಿನವರು.

ಮುಧೋಳ ನಾಯಿಗೆ ಹೆಸರು ಬಂದದ್ದು ಬಾಗಲಕೋಟೆ ಜಿಲ್ಲೆಯ ಮುಧೋಳದಿಂದ, ಅಲ್ಲಿನ ಘೋರ್ಪಡೆ ರಾಜರ ಪೋಷಣೆಯಿಂದ. 2005ರಲ್ಲಿ ಅದರ ಅಂಚೆಚೀಟಿಯೂ ಬಂತು. ಉದ್ದ ಮೂತಿ, ಆಳವಾದ ಎದೆ, ಸಣ್ಣ ಸೊಂಟ. ಬಯಲಿನಲ್ಲಿ ಬೇಟೆಯನ್ನು ಕಣ್ಣಲ್ಲೇ ಹಿಡಿದು ಓಡುವ ನಾಯಿ ಅದು. ಕಾಫಿ ಗಿಡಗಳ ನಡುವೆ ಅದಕ್ಕೆ ಓಡಲು ಜಾಗ ಎಲ್ಲಿದೆ? ಮೈಮೇಲೆ ಕೂದಲೂ ಕಡಿಮೆ, ಕೊಬ್ಬೂ ಕಡಿಮೆ. ನಮ್ಮ ಆಷಾಢದ ಮಳೆಯಲ್ಲಿ ಪಾಪ, ನಡುಗುತ್ತದೆ. ಸುಮ್ನೆ ಕಟ್ಟಿಹಾಕಿದರೆ ಇನ್ನೂ ಕಷ್ಟ, ಅದಕ್ಕೆ ದಿನವೂ ಓಟ ಬೇಕು.

ಇನ್ನೊಂದು ಮಾತು. ನಾಯಿ ಬಿಟ್ಟು ಕಾಡುಹಂದಿ ಬೇಟೆಯಾಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಸಂದೇಶ ಕಳಿಸಿದವರು ಅದನ್ನು ಮಾತ್ರ ಬರೆದಿಲ್ಲ, ಅಲ್ವಾ?