ಮಾತ್ಸುನೊಸುಕೆಯನ್ನು ಓಡಿಸಬೇಡಿ ಮಾರಾಯ್ರೆ

ಮತ್ತೊಂದು ರೀಲ್ಸ್ ನೋಡಿ ತಲೆ ಕೆಟ್ಟಿದೆ. 1921ರ ಜಪಾನಿ ಮೂಕಿ ಚಿತ್ರ ‘ಗೋಕೆತ್ಸು ಜಿರಾಯ’ದ ತುಣುಕು. ನಾಯಕ ನಟ ಓನೋಯೆ ಮಾತ್ಸುನೊಸುಕೆ ತಡಬಡ ಓಡ್ತಾನೆ, ಹಿಂದೆ ಯಾವುದೋ ಟಿಣ್‌ಟಿಣ್ ಪಿಯಾನೊ, ಕೆಳಗೆ ನಗುವ ಇಮೋಜಿಗಳ ಸಾಲು. ‘ಆಗಿನವರಿಗೆ ಸಿನಿಮಾ ತೆಗೆಯೋಕೆ ಬರ್ತಿರಲಿಲ್ಲ’ ಅಂತ ಒಬ್ಬ ಮಹಾಶಯರ ತೀರ್ಪು ಬೇರೆ. ಸ್ವಾಮಿ, ತೆಗೆಯೋಕೆ ಅವರಿಗೆ ಬರ್ತಿತ್ತು. ಓಡಿಸೋಕೆ ನಿಮಗೆ ಬರ್ತಿಲ್ಲ.

ಇದು ನಿಕ್ಕಾತ್ಸು ಚಿತ್ರ. ಯೋಶಿಜಾವಾ, ಯೋಕೊತಾ, ಫುಕುಹೋಡೊ, ಎಂ. ಪಾಥೆ ಎಂಬ ನಾಲ್ಕು ಕಂಪನಿಗಳು 1912ರಲ್ಲಿ ಸೇರಿ ಆದ ಸಂಸ್ಥೆ. (ಈ ಎಂ. ಪಾಥೆಗೂ ಫ್ರಾನ್ಸಿನ ಪಾಥೆ ಸಿನಿಮಾ ಕಂಪನಿಗೂ ಸಂಬಂಧವೇ ಇಲ್ಲ. ಮಾಲೀಕ ಉಮೆಯಾ ಶೋಕಿಚಿ ಹೆಸರನ್ನು ಕೇಳದೇ ಎತ್ತಿಕೊಂಡಿದ್ದ. ಧೈರ್ಯ ಅಂದ್ರೆ ಅದು!) ಟೋಕಿಯೊದ ಮುಕೋಜಿಮಾದಲ್ಲಿ ಗಾಜಿನ ಸ್ಟುಡಿಯೊ ಕಟ್ಟಿ ಅಲ್ಲಿ ಸಮಕಾಲೀನ ಕಥೆ, ಕ್ಯೋಟೊದಲ್ಲಿ ಕತ್ತಿಕಾಳಗದ ಹಳೇ ಕಥೆ. ಕ್ಯೋಟೊದ ಜೋಡಿ ನಿರ್ದೇಶಕ ಮಾಕಿನೊ ಶೋಜೊ ಮತ್ತು ಮಾತ್ಸುನೊಸುಕೆ. ಜಪಾನಿನ ಸಾಂಪ್ರದಾಯಿಕ ನಾಟಕ ಕಬುಕಿಯ ಪಟ್ಟು ಹಾಕಿ, ಕಣ್ಣು ಅಗಲಿಸಿ ನಿಲ್ಲುತ್ತಿದ್ದ ಇವನನ್ನು ಜನ ‘ಕಣ್ಣುಗುಡ್ಡೆ ಮಾತ್ಚಾನ್’ ಅಂತಲೇ ಕರೆದರು.

ಆ ನಿಲುವೇ ರೀಲ್ಸ್‌ನಲ್ಲಿ ಮಾಯ. ಸೆಕೆಂಡಿಗೆ 16 ಫ್ರೇಮಿನಲ್ಲಿ (ಅಂದ್ರೆ 16 ಬಿಡಿ ಚಿತ್ರ) ತೆಗೆದದ್ದನ್ನು ಈಗಿನ 24ರಲ್ಲಿ ಓಡಿಸಿದರೆ ಒಂದೂವರೆ ಪಟ್ಟು ವೇಗ. ಮೂರು ಸೆಕೆಂಡ್ ನಿಂತವನು ಎರಡೇ ಸೆಕೆಂಡಿಗೆ ಕದಲುತ್ತಾನೆ. 1000 ಅಡಿಯ 35 ಎಂಎಂ ರೀಲು 16 ಫ್ರೇಮಿನಲ್ಲಿ 16 ನಿಮಿಷ 40 ಸೆಕೆಂಡ್ ಬರುತ್ತೆ; 24ರಲ್ಲಿ 11 ನಿಮಿಷಕ್ಕೆ ಖಾಲಿ. ಮೇಲಾಗಿ ಬೆನ್ಶಿ ಇಲ್ಲ. ಪರದೆ ಪಕ್ಕದಲ್ಲಿ ಕೂತು ಕಥೆ, ಮಾತು ಎರಡನ್ನೂ ಹೇಳುತ್ತಿದ್ದವರು ಅವರು. ಒಂದೇ ಶಾಟ್ ಅಷ್ಟು ಉದ್ದ ಇರುವುದೂ ಅವರ ಮಾತಿಗೆ ಜಾಗ ಬೇಕಲ್ಲ ಅಂತ. ಭಾಗವತರ ಮೈಕ್ ಬಂದ್ ಮಾಡಿ ಆಟ ತೋರಿಸಿ, ‘ಯಕ್ಷಗಾನದಲ್ಲಿ ಕಥೆಯೇ ಇಲ್ಲ’ ಅಂದ ಹಾಗಾಯ್ತು ನಿಮ್ಮದು.

‘ಕೈಯಲ್ಲಿ ತಿರುಗಿಸುತ್ತಿದ್ದ ಕ್ಯಾಮೆರಾ ಅಲ್ವಾ, ಸರಿಯಾದ ವೇಗ ಅಂತ ಎಲ್ಲಿದೆ?’ ಅಂತ ವಾದಿಸುವವರಿದ್ದಾರೆ. ಹೌದು, 16 ಅನ್ನೋದು ಶಾಸನ ಅಲ್ಲ, ಕೆಲವು ಶಾಟ್‌ಗಳಲ್ಲಿ ಕ್ಯಾಮೆರಾ ತಿರುಗಿಸಿದ್ದು ಅದಕ್ಕಿಂತ ನಿಧಾನ. ಹಾಗಂತ 24 ಸರಿಯಾಗಿಬಿಡುತ್ತಾ? ನಡಿಗೆ ನೋಡಿ, ಬೀಳುವ ನೀರು ನೋಡಿ, ಕಿಮೊನೊ ತೋಳು ಕೆಳಗಿಳಿಯುವುದು ನೋಡಿ. ನೆಲದ ಸೆಳೆತ 1921ರಲ್ಲೂ ಇಷ್ಟೇ ಇತ್ತು.

ಸರಿಮಾಡೋದು ಕಷ್ಟವಲ್ಲ. ಮೊದಲು ಒಂದೊಂದೇ ಫ್ರೇಮ್ ಮುಂದೆ ತಳ್ಳಿ ನೋಡಿ. ಪ್ರತಿ ಮೂರರಲ್ಲಿ ಒಂದು ನಕಲಾಗಿದ್ದರೆ ಯಾರೋ ಆಗಲೇ 16ನ್ನು 24ಕ್ಕೆ ಹೊಂದಿಸಿದ್ದಾರೆ, ಮುಟ್ಟಬೇಡಿ. ಇನ್ನೂ ನಿಧಾನ ಮಾಡಿದರೆ ಎಲ್ಲರೂ ನೀರೊಳಗೆ ನಡೆಯುತ್ತಾರೆ. ನಕಲಿಲ್ಲದಿದ್ದರೆ ವೇಗ 67%ಗೆ ಇಳಿಸಿ. ಎಡಗಡೆಯವನ ಭುಜ ಕತ್ತರಿಸಿದ್ದರೆ ಅದು ಮಾಕಿನೊ ತಪ್ಪಲ್ಲ. ಆಮೇಲೆ ಟಾಕಿ ಅಳತೆಯಲ್ಲಿ ಪ್ರತಿ ತೆಗೆದಾಗ ಮೂಕಿ ಫ್ರೇಮಿನ ಎಡ ಅಂಚನ್ನು ಧ್ವನಿಪಟ್ಟಿಯ ಜಾಗ ನುಂಗಿದೆ. ಬೇರೆ ಪ್ರತಿ ಹುಡುಕಿ.

ಇಷ್ಟು ಕೂಗಾಡುವುದಕ್ಕೆ ಕಾರಣ ಇದೆ. ಮಾತ್ಸುನೊಸುಕೆ ನಟಿಸಿದ್ದು ಸುಮಾರು 1000 ಚಿತ್ರ, ಉಳಿದಿರೋದು ಬೆರಳೆಣಿಕೆ. ಆಗ ಬಳಸುತ್ತಿದ್ದ ನೈಟ್ರೇಟ್ ಫಿಲ್ಮ್ ತಾನೇ ಕೊಳೆಯುತ್ತೆ, ಹೊತ್ತಿಕೊಂಡರೆ ನೀರು ಸುರಿದರೂ ಆರಲ್ಲ. 1923ರ ಭೂಕಂಪದ ನಂತರ ಮುಕೋಜಿಮಾ ಮುಚ್ಚಿತು, 1942ರ ಯುದ್ಧಕಾಲದ ವಿಲೀನದಲ್ಲಿ ನಿಕ್ಕಾತ್ಸುವಿನ ನಿರ್ಮಾಣ ವಿಭಾಗವೇ ದಾಯೆಯ್ ಎಂಬ ಕಂಪನಿಯ ಪಾಲಾಯಿತು. ಉಳಿದ ನಾಲ್ಕು ತುಣುಕನ್ನಾದರೂ ನೆಟ್ಟಗೆ ತೋರಿಸಬಾರದೇ?

ಕೊನೇದಾಗಿ, ಎಐ ಹಾಕಿ, ನಡುನಡುವೆ ಹೊಸ ಫ್ರೇಮ್ ತುಂಬಿಸಿ ಸೆಕೆಂಡಿಗೆ 60 ಫ್ರೇಮ್ ಮಾಡುವ ಉತ್ಸಾಹಿಗಳಿಗೆ. ನಾಯಕ ಕಪ್ಪೆಯಾಗುವ ದೃಶ್ಯ ಇದೆಯಲ್ಲ, ಅಲ್ಲಿ ಕ್ಯಾಮೆರಾ ನಿಲ್ಲಿಸಿ, ಉಳಿದವರು ಅಲ್ಲಾಡದೆ ನಿಂತು, ಇವನು ಪಕ್ಕಕ್ಕೆ ಸರಿದು, ಕಪ್ಪೆ ವೇಷ ಬಂದು ನಿಂತ ಮೇಲೆ ಮತ್ತೆ ತಿರುಗಿಸೋದು. ಎರಡು ಫ್ರೇಮಿನ ನಡುವೆ ಏನೂ ಇಲ್ಲದಿರೋದೇ ಆ ಜಾದೂ. ನಿಮ್ಮ ಸಾಫ್ಟ್‌ವೇರ್ ಅಲ್ಲಿ ಅರ್ಧ ಮನುಷ್ಯ ಅರ್ಧ ಕಪ್ಪೆಯ ಕಲಸುಮೇಲೋಗರ ತುಂಬಿಸುತ್ತೆ.